ಸವೆಯದ ಹಮಾಲರು

ಅಣ್ಣನ ಬೂಟು ನೋಡಲು ಬಾ ಎಂದು ವೈನಿ ಫೋನು ಮಾಡಿದಾಗ ಶಾಲ್ಮಲಾ ಯಾಕೆಂದು ಕೇಳಲಿಲ್ಲ. ಪ್ರಯೋಗಾಲಯದ ಕೆಲಸವನ್ನು ಅರ್ಧಕ್ಕೇ ಬಿಟ್ಟು ಧಾರವಾಡದಿಂದ ಹುಬ್ಬಳ್ಳಿಯ ಬಸ್ಸು ಹತ್ತಿದಳು. ಅಣ್ಣನ ಹೆಂಡತಿ ಮಹಾನಂದಾ ಬಾಗಿಲಲ್ಲೇ ಬೂಟು ಹಿಡಿದು ನಿಂತಿದ್ದಳು. ತುದಿ ಸವೆದು ತೂತು ಬಿದ್ದಿತ್ತು. ಹಿಮ್ಮಡಿ ಮಾತ್ರ ಹೊಸದರ ಹಾಗೇ ಇತ್ತು.

"ಮಾವಾರ ಚಪ್ಪಲಿನೂ ಹಿಂಗ ಸವೀತಿದ್ದು, ಹೌದಿಲ್ಲೋ?" ಎಂದಳು.

ಹೌದು, ಹೀಗೇ ಸವೆಯುತ್ತಿದ್ದವು. ಅಪ್ಪ ಮೊದಲು ಬೆರಳು ಎಳೆಯುತ್ತ ನಡೆದ, ಆಮೇಲೆ ಕೋಲು ಹಿಡಿದ, ಕೊನೆಗೆ ಕುರ್ಚಿಯಲ್ಲಿ ಕುಳಿತವನು ಏಳಲಿಲ್ಲ. ಅದು ವಂಶದಲ್ಲೇ ಇಳಿದು ಬರುವ ರೋಗ. ಮಕ್ಕಳಲ್ಲಿ ಕೆಲವರಿಗೆ ಬರುತ್ತದೆ, ಕೆಲವರಿಗೆ ಇಲ್ಲ. ಶಾಲ್ಮಲಾ ಓದುವ ಕಾಲದಲ್ಲೇ ರಕ್ತ ಪರೀಕ್ಷೆ ಮಾಡಿಸಿಕೊಂಡಿದ್ದಳು. ಅವಳಿಗೆ ಇರಲಿಲ್ಲ. ಅಣ್ಣ ಗುರುಸಿದ್ಧ, ಬರೂದಿದ್ರ ಬರ್ಲಿ ಬಿಡು, ಮೊದಲ ಯಾಕ ತಿಳಕೋಬೇಕು ಎಂದು ನಕ್ಕುಬಿಟ್ಟಿದ್ದ. ಅವನು ವಿದ್ಯುತ್ ಕಂಪನಿಯ ಲೈನ್‌ಮನ್. ಮಳೆ ಗಾಳಿಯೆನ್ನದೆ ಕಂಬ ಹತ್ತಿ ಇಳಿಯುವವನಿಗೆ ತನ್ನ ಕಾಲಿನ ಮೇಲೆ ಭರವಸೆ ಇತ್ತು.

ಆ ರೋಗದಲ್ಲಿ ಕೆಡುವುದು ಏನು ಎಂಬುದನ್ನೇ ಶಾಲ್ಮಲಾ ತನ್ನ ಜೀವಮಾನದ ಕೆಲಸ ಮಾಡಿಕೊಂಡಿದ್ದಳು. ಬೆನ್ನುಹುರಿಯಲ್ಲಿರುವ ಒಂದು ನರಕೋಶ ಕಣ್ಣಿಗೆ ಕಾಣದಷ್ಟು ಸಣ್ಣದು. ಆದರೆ ಅದರಿಂದ ಹೊರಟ ಎಳೆ ಕಾಲಿನ ಹೆಬ್ಬೆರಳಿನವರೆಗೆ ಹೋಗಿ ಮುಟ್ಟುತ್ತದೆ. ಆ ತುದಿಗೆ ಬೇಕಾದದ್ದೆಲ್ಲ ತಯಾರಾಗುವುದು ಬೆನ್ನಿನಲ್ಲಿ. ಅದನ್ನು ಅಷ್ಟು ದೂರ ಹೊತ್ತೊಯ್ಯುವುದಕ್ಕೆ ಎಳೆಯ ಒಳಗೆ ಸಣ್ಣ ಸಣ್ಣ ಯಂತ್ರಗಳಿವೆ. ಅವು ಪ್ರೋಟೀನಿನಿಂದಾದವು. ಪ್ರತಿಯೊಂದಕ್ಕೂ ಎರಡು ಕಾಲು, ಬೆನ್ನ ಮೇಲೆ ಒಂದು ಮೂಟೆ. ಒಂದು ಕಾಲನ್ನು ಊರಿ ಇನ್ನೊಂದನ್ನು ಎತ್ತಿಟ್ಟು ನಡೆಯುತ್ತವೆ. ಒಂದೊಂದು ಹೆಜ್ಜೆಗೆ ಇಂಧನದ ಒಂದೊಂದು ಅಣು ಖರ್ಚಾಗುತ್ತದೆ. ಅವಕ್ಕೆ ಉದ್ದನೆಯ ಇಂಗ್ಲಿಷ್ ಹೆಸರಿದ್ದರೂ ಪ್ರಯೋಗಾಲಯದಲ್ಲಿ ಎಲ್ಲರೂ ಹಮಾಲರು ಎಂದೇ ಕರೆಯುತ್ತಿದ್ದರು. ಹೊರಗಿನ ದಿಕ್ಕಿಗೆ ಹೊರುವ ಹಮಾಲರು ಬೇರೆ. ತುದಿಯಲ್ಲಿ ಹಳತಾದದ್ದನ್ನು ಬೆನ್ನಿನ ಕಡೆಗೆ ವಾಪಸು ತರುವವರು ಬೇರೆ. ಇಷ್ಟು ನಡೆದರೆ ಮನುಷ್ಯ ತನ್ನ ಕಾಲ ಮೇಲೆ ನಿಲ್ಲುತ್ತಾನೆ.

ಅಪ್ಪನ ವಂಶದ ಹಮಾಲರು ಅರ್ಧ ದಾರಿಯಲ್ಲೇ ಎಡವುತ್ತಿದ್ದರು. ಮೂಟೆ ಹೆಬ್ಬೆರಳಿಗೆ ಮುಟ್ಟುವ ಮೊದಲೇ ಸವೆದು ಬೀಳುತ್ತಿದ್ದರು. ಬಿದ್ದವರನ್ನು ಜೀವಕೋಶ ತನ್ನ ಗುಜರಿ ಯಂತ್ರಕ್ಕೆ ಹಾಕಿ ಚೂರು ಮಾಡಿ, ಆ ಚೂರುಗಳಿಂದ ಹೊಸದನ್ನು ಕಟ್ಟಿಕೊಳ್ಳುತ್ತಿತ್ತು. ಆ ಹೊಸದೂ ಅಲ್ಲೇ ಎಡವುತ್ತಿತ್ತು.

ಹಾಗಾದರೆ ಸವೆಯದ ಹಮಾಲನನ್ನೇ ಕಟ್ಟಿದರೆ? ಸಂಸ್ಥೆಯ ಮುಖ್ಯಸ್ಥ ಡಾಕ್ಟರ್ ಮಳಗಿ ಒಂದು ದಿನ ಈ ಪ್ರಶ್ನೆ ಎತ್ತಿದ್ದರು. ಅದಕ್ಕೆ ಉತ್ತರ ಹುಡುಕುವುದರಲ್ಲಿ ಶಾಲ್ಮಲಾಳ ತಲೆಗೂದಲು ನರೆಯಿತು. ಅವಳೂ ಅವಳ ಜೊತೆಯವರೂ ಕೀಲುಗಳನ್ನು ಬಿಗಿಗೊಳಿಸಿದರು, ಒಡೆಯುವ ಜಾಗಗಳನ್ನು ಮುಚ್ಚಿದರು. ಆ ಹಮಾಲನನ್ನು ಕಟ್ಟುವ ಜೀನಿನ ಬರಹವನ್ನು ಟೊಳ್ಳು ಮಾಡಿದ ವೈರಸ್ಸಿನೊಳಗೆ ತುಂಬಿ ಬೆನ್ನುಹುರಿಗೆ ಚುಚ್ಚಿದರೆ, ನರಕೋಶ ತಾನೇ ಅದನ್ನು ಓದಿ ಹೊಸ ಹಮಾಲರನ್ನು ತಯಾರಿಸುತ್ತಿತ್ತು. ಇಲಿಗಳು ನಡೆದವು. ಒಪ್ಪಿಗೆಗಳು ಬಂದವು. ಬೈಲಹೊಂಗಲದಿಂದ ಬಂದ ಶಕುಂತಲಾಬಾಯಿ ಎಂಬ ಹೊಲಿಗೆಯ ಹೆಂಗಸು ಮೊದಲು ಚುಚ್ಚಿಸಿಕೊಂಡಳು. ಮತ್ತೆ ಹೊಲಿಗೆಯಂತ್ರದ ಪೆಡಲು ತುಳಿದಳು.

ಅವಳ ನಂತರದ ಗುಂಪಿನಲ್ಲಿ ಗುರುಸಿದ್ಧನಿದ್ದ. ತಂಗಿ ಅಣ್ಣನಿಗೆ ಮದ್ದು ಕೊಡುವುದು ನಿಯಮಕ್ಕೆ ಸರಿಯಲ್ಲವೆಂದು ಮಳಗಿಯವರೇ ಕೊಟ್ಟರು. ಶಾಲ್ಮಲಾ ಹೊರಗಿನ ಬೆಂಚಿನಲ್ಲಿ ವೈನಿಯ ಕೈ ಹಿಡಿದು ಕುಳಿತಿದ್ದಳು.

ಮಳೆಗಾಲ ಮುಗಿಯುವುದರೊಳಗೆ ಅವನು ಮತ್ತೆ ಕಂಬ ಹತ್ತಿದ. ಆ ದಿನ ಶಾಲ್ಮಲಾಳನ್ನೂ ಕರೆಸಿದ್ದ. ಲೈನು ಬಂದ್ ಮಾಡಿಸಿದ್ದರು, ಕೆಳಗೆ ಜೊತೆಯ ಕೆಲಸಗಾರರು ನಿಂತಿದ್ದರು. ಸೊಂಟಕ್ಕೆ ಬೆಲ್ಟು ಬಿಗಿದುಕೊಂಡು ಒಂದೊಂದೇ ಮೆಟ್ಟು ಏರಿ ತುದಿ ಮುಟ್ಟಿದವನು ಅಲ್ಲಿಂದ ಕೂಗಿದ:

"ಶಾಲೂ, ಇಲ್ಲಿಂದ ಉಣಕಲ್ ಕೆರಿ ಕಾಣತೈತಿ ನೋಡು."

ಶಾಲ್ಮಲಾ ತಲೆಯೆತ್ತಿ ನೋಡಿದಳು. ಅಪ್ಪ ಸತ್ತಾಗಲೂ ಬಾರದ ಅಳು ಬಂತು. ಪಕ್ಕದಲ್ಲಿದ್ದ ಅಣ್ಣನ ಮಗಳು ಇಂಚರಾ ನೋಡಬಾರದೆಂದು ಮುಖ ಆಚೆ ತಿರುಗಿಸಿದಳು.

ಇಂಚರಾ ಕಾಲೇಜಿನ ಖೋಖೋ ತಂಡದಲ್ಲಿ ಆಡುವವಳು. ಆ ಮಧ್ಯಾಹ್ನ ಮನೆಗೆ ಬಂದು ಮೆಟ್ಟಿಲು ಹತ್ತುವಾಗ ಅವಳ ಎಡಗಾಲಿನ ಚಪ್ಪಲಿ ಕಳಚಿ ಹಿಂದೆ ಉಳಿಯಿತು. ಅವಳಿಗೆ ಗೊತ್ತೇ ಆಗಲಿಲ್ಲ. ಒಂದೇ ಚಪ್ಪಲಿಯಲ್ಲಿ ಒಳಗೆ ಹೋಗಿಬಿಟ್ಟಳು. ಹಿಂದಿನಿಂದ ಬರುತ್ತಿದ್ದ ಮಹಾನಂದಾ ಬಗ್ಗಿ ಅದನ್ನು ಎತ್ತಿಕೊಂಡಳು. ನಾದಿನಿಯ ಮುಖ ನೋಡಿದಳು.

"ಇರ್ಲಿ ವೈನಿ," ಎಂದಳು ಶಾಲ್ಮಲಾ. "ಈಗ ಮದ್ದೈತಿ. ಹದಿನೆಂಟ ತುಂಬಲಿ ಅಕಿಗೆ, ಕೊಡೂಣು."

ಆಗ ಅವಳು ಅದನ್ನು ಪೂರ್ತಿ ನಂಬಿದ್ದಳು.

ಪ್ರಯೋಗಾಲಯದ ಸೂಕ್ಷ್ಮದರ್ಶಕದ ಕೋಣೆ ಕಿರಿಯ ಸಂಶೋಧಕಿ ಫರ್ಹಾನಾಳ ವಶದಲ್ಲಿತ್ತು. ಚಿಕಿತ್ಸೆ ಪಡೆದ ಪ್ರತಿಯೊಬ್ಬರ ಚರ್ಮದ ಚೂರಿನಿಂದ ನರಕೋಶಗಳನ್ನು ಬೆಳೆಸಿ, ಅವಕ್ಕೂ ಅದೇ ಮದ್ದು ಹಾಕಿ ಗಾಜಿನ ಬಟ್ಟಲುಗಳಲ್ಲಿ ಇಟ್ಟಿದ್ದರು. ಬಟ್ಟಲಿನಲ್ಲಿ ಕಾಲ ಬೇಗ ಓಡುವಂತೆ ಅವುಗಳ ಮೇಲೆ ಹೆಚ್ಚಿನ ಕೆಲಸ ಹೇರುತ್ತಿದ್ದರು. ಮೈಯಲ್ಲಿ ಮುಂದೆ ಆಗಬೇಕಾದದ್ದು ಅಲ್ಲಿ ಮೊದಲೇ ಕಾಣುತ್ತಿತ್ತು. ಮದ್ದಿನ ಬರಹದಲ್ಲೇ ಹಮಾಲರಿಗೆ ಹಸಿರು ಬಣ್ಣ ಕಟ್ಟಿದ್ದರಿಂದ ಕತ್ತಲೆಯ ಪರದೆಯ ಮೇಲೆ ಅವು ಹಸಿರು ಚುಕ್ಕಿಗಳಾಗಿ ಸಾಗುತ್ತಿದ್ದವು.

"ಮೇಡಂ, ಸ್ವಲ್ಪ ಇಲ್ಲಿ ನೋಡ್ರಿ," ಎಂದಳು ಫರ್ಹಾನಾ, ಎರಡನೆಯ ವರ್ಷದ ಒಂದು ದಿನ. ಅವಳ ದನಿಯಲ್ಲಿ ಹೆದರಿಕೆ ಇರಲಿಲ್ಲ, ಗೊಂದಲವಿತ್ತು. "ಇವು ತುದಿಗೆ ಹೋದಾವು. ಹೋಗಿ ಅಲ್ಲೇ ನಿಂತಾವು. ಮೂಟಿ ಇಳಿಸಿ ಬಿಚ್ಚಿ ಹೋಗಬೇಕಿತ್ತು. ಹಿಂದಿನವು ಬಂದು ಇವನ್ನ ದೂಡಾಕತ್ತಾವು."

ಶಾಲ್ಮಲಾ ನೋಡಿದಳು. ಎಳೆಯ ತುದಿ ಹಸಿರಿನಿಂದ ಉಬ್ಬಿತ್ತು. ಕೆಲಸ ಮುಗಿಸಿದ ಹಮಾಲ ಸವೆದು ಬೀಳಬೇಕು, ಗುಜರಿ ಯಂತ್ರಕ್ಕೆ ಹೋಗಬೇಕು, ಆಗ ಮುಂದಿನವನಿಗೆ ಜಾಗ. ಇವು ಬೀಳುತ್ತಿರಲಿಲ್ಲ. ದಾರಿಯನ್ನೆಲ್ಲ ಇವೇ ಹಿಡಿದದ್ದರಿಂದ ವಾಪಸು ಬರಬೇಕಾದ ಹಮಾಲರು ಮಧ್ಯದಲ್ಲಿ ಸಿಕ್ಕಿಕೊಂಡಿದ್ದರು. ತುದಿಯಲ್ಲಿ ಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯಾಗಳು ಕೆಟ್ಟು ರಾಶಿ ಬಿದ್ದು ಕೊಳೆಯುತ್ತಿದ್ದವು. ಅದಕ್ಕಿಂತ ಕೆಟ್ಟದ್ದು ಎಳೆ ಹೊರಡುವ ಕೋಶದ ಒಳಗೆ ಕಂಡಿತು. ಗುಜರಿ ಯಂತ್ರವೆಂದರೆ ಒಂದು ಕೊಳವೆ. ಒಂದು ಬಾಯಿಂದ ಹಳೆಯ ಪ್ರೋಟೀನನ್ನು ಎಳೆದುಕೊಂಡು ಕತ್ತರಿಸುತ್ತದೆ. ಅದು ಹೊಸ ಹಮಾಲನನ್ನು ನುಂಗಲು ಹೋಗಿ ಗಂಟಲಲ್ಲಿ ಸಿಕ್ಕಿಸಿಕೊಂಡಿತ್ತು. ಒಳಗೂ ಹೋಗದು, ಹೊರಗೂ ಬಾರದು. ಅಂಥ ಕೊಳವೆಗಳು ಕೋಶದ ತುಂಬ ಇದ್ದವು.

"ಇದು ಯಾರ ಬಟ್ಟಲು?" ಎಂದು ಕೇಳಿದಳು.

ಫರ್ಹಾನಾ ಚೀಟಿ ನೋಡಿ ಅದನ್ನು ಬೆರಳಿನಿಂದ ಮುಚ್ಚಿದಳು. ಆಮೇಲೆ, "ಎಲ್ಲಾದರಾಗೂ ಹಂಗ ಐತ್ರಿ ಮೇಡಂ," ಎಂದಳು.

ಅದೇ ವಾರ ಶಕುಂತಲಾಬಾಯಿ ಫೋನು ಮಾಡಿದಳು. ನಡೆಯುವುದಕ್ಕೇನೂ ತೊಂದರೆ ಇಲ್ಲ, ಆದರೆ ಮೀನಖಂಡದಲ್ಲಿ ಹುಳ ಹರಿದ ಹಾಗಾಗುತ್ತದೆ, ಚರ್ಮದ ಕೆಳಗೆ ಮಾಂಸ ತಾನೇ ಕುಣಿಯುತ್ತದೆ, ಇದಕ್ಕೆ ಏನಾದರೂ ಎಣ್ಣೆ ಹಚ್ಚಬೇಕೋ ಎಂದು ಕೇಳಿದಳು. ಶಾಲ್ಮಲಾ ಅವಳನ್ನು ತಪಾಸಣೆಗೆ ಬರಹೇಳಿ ಫೋನು ಇಟ್ಟು, ಮಳಗಿಯವರ ಕೋಣೆಗೆ ಹೋದಳು.

ಮಳಗಿ ಚಿತ್ರಗಳನ್ನು ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇವತ್ತಿಂದ ಯಾರಿಗೂ ಕೊಡೋದು ಬ್ಯಾಡ," ಎಂದರು. "ತಗೊಂಡವರಿಗೆ ತಡೆಮದ್ದು ಸುರು ಮಾಡೋಣು. ಹೊಸಾ ಹಮಾಲ ಹುಟ್ಟೋದರ ನಿಲ್ತದ."

"ಹುಟ್ಟಿದ್ದಾವಲ್ಲ ಸರ್, ಅವು?"

"ಅವು ಇರ್ತಾವ."

"ಎಷ್ಟ ದಿನ?"

ಉತ್ತರ ಇಬ್ಬರಿಗೂ ಗೊತ್ತಿತ್ತು. ನರಕೋಶ ಒಡೆದು ಎರಡಾಗುವುದಿಲ್ಲ, ಹುಟ್ಟಿದಾಗ ಬಂದದ್ದು ಸಾಯುವವರೆಗೆ. ಅದರೊಳಗೆ ಕುಳಿತ ಹಮಾಲನೂ ಅಲ್ಲಿಯವರೆಗೆ.

"ಉಳಿದವರಿಗೆ ನಾ ತಿಳಸ್ತೀನಿ," ಎಂದರು ಕೊನೆಗೆ. "ನಿಮ್ಮಣ್ಣಗ ನೀವ ಹೇಳ್ರಿ. ನಾ ಹೇಳಿದ್ರ ಅದು ಸಂಸ್ಥೆ ಮಾತು ಅನಸ್ತದ."

ಅವಳು ಕೂಡಲೇ ಹೇಳಲಿಲ್ಲ. ತಡೆಮದ್ದನ್ನು ಮಾತ್ರ ಒಂದು ಟಾನಿಕ್ಕಿನಷ್ಟು ಸಾಮಾನ್ಯವೆಂಬಂತೆ ಮಾತಾಡಿ ಅಣ್ಣನಿಗೆ ಸುರು ಮಾಡಿಸಿದಳು. ಏನಾದರೊಂದು ದಾರಿ ಕೈಯಲ್ಲಿ ಹಿಡಿದುಕೊಂಡೇ ಅವನೆದುರು ನಿಲ್ಲಬೇಕೆಂಬ ಹಟದಿಂದ ಪ್ರಯೋಗಾಲಯದಲ್ಲಿ ಬಿದ್ದುಕೊಂಡಳು. ಹೊಸ ಹಮಾಲನನ್ನೇ ಹುಡುಕಿ ಕತ್ತರಿಸುವ ಇನ್ನೊಂದು ಯಂತ್ರವನ್ನು ಅವಳೂ ಫರ್ಹಾನಾಳೂ ಸೇರಿ ಕಟ್ಟಿದರು. ಅದು ಕತ್ತರಿಸಿತು. ಜೊತೆಗೆ ಜೀವಕೋಶದ ಸ್ವಂತ ಹಮಾಲರನ್ನೂ, ಅವು ನಡೆಯುವ ದಾರಿಯನ್ನೂ ಕತ್ತರಿಸಿತು. ಬೆಳಿಗ್ಗೆ ಮದ್ದು ಹಾಕಿದ ಬಟ್ಟಲಿನ ಕೋಶಗಳು ಸಂಜೆಗೆ ದುಂಡಗಾಗಿ ತಳ ಬಿಟ್ಟು ತೇಲುತ್ತಿದ್ದವು. ಕತ್ತರಿಯ ಅಲಗನ್ನು ಬದಲಾಯಿಸಿದರು. ಆಗ ಅದು ಯಾವುದನ್ನೂ ಕತ್ತರಿಸಲಿಲ್ಲ. ಅವರು ಕಟ್ಟಿದ ಹಮಾಲ ಅಷ್ಟು ಗಟ್ಟಿಯಾಗಿದ್ದ.

ದೀಪಾವಳಿಯಾದ ಮೇಲಿನ ಒಂದು ಭಾನುವಾರ ಅವಳು ಹುಬ್ಬಳ್ಳಿಗೆ ಹೋದಳು. ಗುರುಸಿದ್ಧ ಅಂಗಳದಲ್ಲಿ ಕುಳಿತು ಸ್ಕೂಟರಿನ ಚಕ್ರ ಬಿಚ್ಚುತ್ತಿದ್ದ. ತಂಗಿಯ ಮುಖ ನೋಡಿ ಪಾನಾ ಕೆಳಗಿಟ್ಟ.

"ಕಾಲಾಗ ಏನರ ಆಗತೈತೇನು ಅಣ್ಣ?" ಎಂದಳು.

"ಕುಣ್ಯಾಕತ್ತಾವು," ಎಂದ. ಲುಂಗಿ ಮೇಲಕ್ಕೆ ಸರಿಸಿ ತೋರಿಸಿದ. ಮೀನಖಂಡದ ಚರ್ಮದಡಿ ಅಲೆಯೆದ್ದು ಅಡಗುತ್ತಿತ್ತು. "ನಿಂಗ ಹೇಳಬಾರದಂತ ಮಾಡಿದ್ದೆ. ನೀನೂ ನಂಗ ಹೇಳಬಾರದಂತ ಮಾಡೀಯಲ್ಲ."

ಅವಳು ಅವನ ಪಕ್ಕದಲ್ಲಿ ನೆಲದ ಮೇಲೆ ಕುಳಿತು ಎಲ್ಲವನ್ನೂ ಹೇಳಿದಳು.

"ತಗಿಯಾಕ ಬರೂದಿಲ್ಲೇನು?"

"ಬರೂದಿಲ್ಲ. ಭಾಳ ನೋಡಿದೆ ಅಣ್ಣ."

"ಕಾಲಷ್ಟನೋ?"

"ಕಾಲಿಂದ ಸುರು ಆಗತೈತಿ. ಆಮ್ಯಾಲೆ ಕೈ." ಅವನು ಕಾಯುತ್ತಿದ್ದ. "ಆಮ್ಯಾಲೆ ಉಸಿರು."

ಗುರುಸಿದ್ಧ ಕೈಗೆ ಹತ್ತಿದ ಗ್ರೀಸನ್ನು ಚಿಂದಿಯಿಂದ ಒರೆಸಿಕೊಂಡ. ಒಂದೊಂದೇ ಬೆರಳು, ನಿಧಾನವಾಗಿ.

"ಅಪ್ಪ ಕುರ್ಚ್ಯಾಗ ಕುಂತ ಭಾಳ ವರ್ಷ ಬದುಕಿದ," ಎಂದ.

ಅವನು ಅದನ್ನು ದೂರಿನಂತೆ ಹೇಳಲಿಲ್ಲ. ನೆನಪು ಮಾಡಿಕೊಂಡವನಂತೆ ಹೇಳಿದ. ಶಾಲ್ಮಲಾಗೆ ಅದರ ಮುಂದಿನ ಮಾತು ತಾನಾಗಿ ಕೇಳಿಸಿತು: ಮದ್ದು ಕೊಡದೆ ಬಿಟ್ಟಿದ್ದರೆ ನಾನೂ ಬದುಕುತ್ತಿದ್ದೆ.

ಬಾಗಿಲ ಹಿಂದೆ ಇಂಚರಾ ನಿಂತಿದ್ದಳು. ಹೊರಗೆ ಬಂದಳು. ಅವಳು ಈಗ ಎಡಗಾಲನ್ನು ಸ್ವಲ್ಪ ಬೀಸಿ ಹಾಕುತ್ತಿದ್ದುದು ಎಲ್ಲರಿಗೂ ಕಾಣುತ್ತಿತ್ತು.

"ಅತ್ತಿ, ನಂಗ ಕೊಡ್ರಿ ಆ ಮದ್ದು," ಎಂದಳು.

"ನೀ ಕೇಳಿದಿಲ್ಲೋ ನಾ ಹೇಳಿದ್ದು?"

"ಕೇಳೀನಿ. ಅಪ್ಪ ಎರಡ ವರ್ಷ ಚಲೋ ನಡದಾರ. ನಂಗ ಅಷ್ಟ ಸಾಕು. ಈ ವರ್ಷ ರಾಜ್ಯದ ಟೀಮಿಗೆ ಆಯ್ಕೆ ಐತಿ. ಆಮ್ಯಾಲಿಂದು ಆಮ್ಯಾಲೆ."

"ಇಂಚರಾ."

"ನನ್ನ ಕಾಲು ಅತ್ತಿ. ನಿಮ್ಮ ಕಾಲಿಗೇನೂ ಆಗಿಲ್ಲ. ನಿಮಗ ಗೊತ್ತಾಗೂದಿಲ್ಲ."

ಮಗಳ ಮೇಲೆ ಎಂದೂ ದನಿ ಎತ್ತದ ಗುರುಸಿದ್ಧ, "ನಾ ಇರೋತನಾ ಆ ಮಾತ ಎತ್ತಬ್ಯಾಡ," ಎಂದ. ಸ್ವಲ್ಪ ತಡೆದು, "ನಾ ಹೋದ ಮ್ಯಾಲೂ ಎತ್ತಬ್ಯಾಡ," ಎಂದ. ಇಂಚರಾ ಒಳಗೆ ಹೋಗಿ ಕದ ಹಾಕಿಕೊಂಡಳು.

ಮಹಾನಂದಾ ಅಷ್ಟು ಹೊತ್ತೂ ಅಡುಗೆಮನೆಯಿಂದ ಹೊರಗೆ ಬಂದಿರಲಿಲ್ಲ. ಶಾಲ್ಮಲಾ ಹೊರಟಾಗ ಗೇಟಿನವರೆಗೆ ಬಂದಳು. ಬಸ್ಸಿನ ದಾರಿಗೆಂದು ಕಟ್ಟಿದ ರೊಟ್ಟಿಯ ಗಂಟು ಕೈಗಿಟ್ಟಳು.

"ನಿನ್ನ ಮ್ಯಾಲ ಸಿಟ್ಟಿಲ್ಲ ಅಂತ ಹೇಳಬೇಕಂತ ಬಂದೆ ಶಾಲೂ," ಎಂದಳು. "ಬಾಯಾಗಿಂದ ಬರವಲ್ದು." ಗೇಟು ಹಾಕಿಕೊಂಡು ಒಳಗೆ ಹೋದಳು.

ಮುಂದಿನದು ಬಟ್ಟಲಿನಲ್ಲಿ ಕಂಡ ಕ್ರಮದಲ್ಲೇ ನಡೆಯಿತು. ಶಾಲ್ಮಲಾಗೆ ಇದೇ ದೊಡ್ಡ ಶಿಕ್ಷೆಯಾಯಿತು. ಯಾವ ಉದ್ದದ ಎಳೆ ಮೊದಲು, ಯಾವುದು ಆಮೇಲೆ ಎಂಬುದನ್ನು ಅವಳು ಮೊದಲೇ ನೋಡಿಬಿಟ್ಟಿದ್ದಳು. ಶಕುಂತಲಾಬಾಯಿಗೆ ಸೂಜಿಗೆ ದಾರ ಪೋಣಿಸಲು ಆಗದಂತಾಯಿತು, ಬೇಸಿಗೆಯಲ್ಲಿ ತೀರಿಕೊಂಡಳು. ಅವಳ ಮಗ ಸಂಸ್ಥೆಗೆ ಬಂದು ಮಳಗಿಯವರ ಎದುರಿನ ಕುರ್ಚಿಯಲ್ಲಿ ಕುಳಿತು, ತಾಯಿಯ ಆಸ್ಪತ್ರೆ ಚೀಟಿಗಳನ್ನು ಮೇಜಿನ ಮೇಲಿಟ್ಟು ಎದ್ದು ಹೋದ. ಮಳಗಿ ಕೆಲಸಕ್ಕೆ ರಾಜೀನಾಮೆ ಕೊಟ್ಟರು. ಅದರಿಂದ ಯಾರ ಕಾಲಿಗೂ ಬಲ ಬರಲಿಲ್ಲ.

ಗುರುಸಿದ್ಧ ಮೊದಲು ಕೋಲು ಹಿಡಿದ. ಅಪ್ಪನಿಗೆ ಕೋಲಿನಿಂದ ಕುರ್ಚಿಗೆ ಬರಲು ಎಷ್ಟೋ ಕಾಲ ಹಿಡಿದಿತ್ತು. ಅವನು ಒಂದು ಮಳೆಗಾಲದಲ್ಲಿ ಬಂದ. ಆಮೇಲೆ ಕೈ. ತಂತಿಯನ್ನು ಇಕ್ಕಳವಿಲ್ಲದೆ ತಿರುವುತ್ತಿದ್ದ ಬೆರಳುಗಳು ಲೋಟ ಹಿಡಿಯದಾದವು. ಶಾಲ್ಮಲಾ ರಜೆ ಹಾಕಿ ಬಂದು ಅಣ್ಣನ ಮನೆಯಲ್ಲೇ ಇದ್ದಳು. ಹಾಲಿನಲ್ಲಿ ರೊಟ್ಟಿ ನೆನೆಸಿ ಮಿದ್ದು ಉಣ್ಣಿಸುತ್ತಿದ್ದಳು. ಊಟವಾದ ಮೇಲೆ ಅವನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಒತ್ತುತ್ತಿದ್ದಳು. ಕೈಯ ಕೆಳಗೆ ಮಾಂಸ ಮಿಡುಕುತ್ತಿತ್ತು. ಆ ಮಿಡುಕಿನ ಒಳಗೆ ಏನು ನಡೆದಿದೆ ಎಂಬುದು ಅಂಗುಲ ಅಂಗುಲವಾಗಿ ತಿಳಿದಿದ್ದ ಅವಳಿಗೆ, ಒತ್ತುವುದರ ಹೊರತು ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ದಿನಗಳೆದಂತೆ ಮಿಡುಕು ಕಡಿಮೆಯಾಯಿತು. ಮಹಾನಂದಾ, "ಇವತ್ತ ಸ್ವಲ್ಪ ಆರಾಮ ಆದಾಂಗ ಕಾಣತೈತಿ," ಎಂದಳು. ಮಿಡುಕುವುದಕ್ಕೆ ನರವೇ ಉಳಿದಿಲ್ಲ ಎಂದು ಹೇಳಲಾರದೆ ಶಾಲ್ಮಲಾ ಹೂಂ ಅಂದಳು.

ದನಿ ಇನ್ನೂ ಇದ್ದಾಗ ಒಂದು ಸಂಜೆ ಅವನು ತಂಗಿಯನ್ನು ಹತ್ತಿರ ಕರೆದ. ಒಂದೊಂದು ಮಾತಿಗೂ ಉಸಿರು ಕೂಡಿಸಿಕೊಳ್ಳಬೇಕಿತ್ತು.

"ನಾ ಹೋದ ಮ್ಯಾಲೆ, ಮಣ್ಣಿಗೆ ಹಾಕೂದರೊಳಗ, ನಿಮಗ ಬೇಕಾದ್ದು ತಗೋರಿ. ಬೆನ್ನಾಗಿಂದು, ಕಾಲಾಗಿಂದು. ಬಟ್ಲದಾಗ ನೋಡೂದು ಬ್ಯಾರೆ, ಮೈಯಾಗ ನೋಡೂದು ಬ್ಯಾರೆ."

"ಅಣ್ಣ, ಅದೆಲ್ಲಾ ಈಗ್ಯಾಕ."

"ಸುಟ್ಟ ಟ್ರಾನ್ಸ್‌ಫಾರ್ಮರ್ ಬಿಚ್ಚಿ ನೋಡಲಾರದ ನಾವು ಹೊಸಾದು ಕೂಡಸಂಗಿಲ್ಲ." ಉಸಿರು ಎಳೆದುಕೊಂಡ. "ಆ ಹುಡುಗಿ ಕಾಲು ಇನ್ನೂ ಅದಾವು."

ಕಾರ್ತಿಕದಲ್ಲಿ ಒಂದು ಬೆಳಿಗ್ಗೆ, ಚಹಾ ಕುಡಿಸಲೆಂದು ಮಹಾನಂದಾ ತಲೆ ಎತ್ತಿ ಹಿಡಿದಾಗ ಅವನು ಹೋದ. ಮೈ ಸಂಸ್ಥೆಗೆ ಹೋಗಿ ಮಧ್ಯಾಹ್ನಕ್ಕೆ ಮನೆಗೆ ಬಂತು. ಕುಳ್ಳಿರಿಸಿ, ವಿಭೂತಿ ಹಚ್ಚಿ, ಕೊರಳಿಗೆ ಹೂ ಹಾಕಿದರು. ಲೈನ್‌ಮನ್‌ಗಳೆಲ್ಲ ಬಂದು ಹೆಗಲು ಕೊಟ್ಟರು. ಶಾಲ್ಮಲಾ ಮೂರು ಹಿಡಿ ಮಣ್ಣು ಹಾಕಿ ಬಂದಳು.

ಅವನಿಂದ ತೆಗೆದ ನರದ ಚೂರುಗಳನ್ನು ತಣ್ಣಗಿನ ದ್ರವದಲ್ಲಿ ಇಟ್ಟಿದ್ದರು. ಕ್ರಿಯೆ ಮುಗಿದ ಮೇಲೆ ಶಾಲ್ಮಲಾ ಪ್ರಯೋಗಾಲಯಕ್ಕೆ ಹೊರಟಾಗ ಇಂಚರಾ ತಾನೂ ಬರುತ್ತೇನೆಂದಳು. ಅವಳ ಕೈಯಲ್ಲಿ ಈಗ ಕೋಲಿತ್ತು.

ಫರ್ಹಾನಾ ನರದ ಚೂರನ್ನು ಕೂದಲಿಗಿಂತ ತೆಳ್ಳಗೆ ಕೊಯ್ದು ಗಾಜಿನ ಮೇಲೆ ಹಾಸಿದ್ದಳು. ಪರದೆಯ ಮೇಲೆ ಎಳೆಗಳು ಕಂಡವು, ಎಳೆಗಳ ಒಳಗೆ ಹಸಿರು ಚುಕ್ಕಿಗಳು. ಯಾವುದೂ ಅಲುಗುತ್ತಿರಲಿಲ್ಲ. ಮೈಯ ಜೊತೆ ಅದರ ಇಂಧನವೂ ಮುಗಿದಿತ್ತು. ಯಂತ್ರಗಳು ಕೆಟ್ಟಿವೆಯೋ ಇಲ್ಲವೋ ತಿಳಿಯಬೇಕಾದರೆ ಹೊರಗಿನಿಂದ ಇಂಧನ ಕೊಟ್ಟು ನೋಡಬೇಕು. ಅದು ಪ್ರಯೋಗಾಲಯದ ದಿನನಿತ್ಯದ ಪದ್ಧತಿ. ಫರ್ಹಾನಾ ಶಾಲ್ಮಲಾಳ ಮುಖ ನೋಡಿದಳು. ಶಾಲ್ಮಲಾ ತಲೆಯಾಡಿಸಿದಳು. ಫರ್ಹಾನಾ ಗಾಜಿನ ಅಂಚಿಗೆ ಒಂದು ಹನಿ ಬಿಟ್ಟಳು.

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಒಂದು ಚುಕ್ಕಿ ಅಲುಗಿತು. ಅದರ ಪಕ್ಕದ್ದು ಅಲುಗಿತು. ನೋಡುತ್ತಿದ್ದಂತೆ ಎಳೆಯ ಉದ್ದಕ್ಕೂ ಹಮಾಲರು ಎದ್ದು, ಬೆನ್ನಿನ ಮೂಟೆಯೊಂದಿಗೆ ಒಂದರ ಹಿಂದೊಂದು ನಡೆಯತೊಡಗಿದರು. ಎಲ್ಲ ಒಂದೇ ದಿಕ್ಕಿಗೆ, ಕಾಲಿದ್ದ ದಿಕ್ಕಿಗೆ. ಕೊಯ್ದ ಅಂಚಿಗೆ ಬಂದವು ಅಲ್ಲಿ ನಿಂತು, ಮುಂದೆ ಹೆಜ್ಜೆಯಿಡಲು ದಾರಿಯಿಲ್ಲದೆ ಕಾಲೆತ್ತಿ ಕಾಲೂರುತ್ತಿದ್ದವು.

ಅದು ಜೀವವಲ್ಲ ಎಂದು ಶಾಲ್ಮಲಾಗೆ ಗೊತ್ತಿತ್ತು. ಹನಿ ಇಂಧನಕ್ಕೆ ಪ್ರೋಟೀನು ತೋರುವ ಚಲನೆ, ಅಷ್ಟೇ. ಆದರೂ ಅವಳ ಕೈ ಮೇಜಿನ ಅಂಚನ್ನು ಹಿಡಿಯಿತು.

"ಅಪ್ಪಾರವ ಏನು ಇವು?" ಎಂದಳು ಇಂಚರಾ.

"ಹೂಂ."

"ನಡ್ಯಾಕತ್ತಾವಲ್ಲ."

"ಹೂಂ."

"ಇಂಧನ ಎಷ್ಟೊತ್ತ ಬರತೈತಿ?"

"ಭಾಳ ಹೊತ್ತಿಲ್ಲ. ಮುಗದ ಮ್ಯಾಲೆ ನಿಲ್ತಾವು."

"ಮತ್ತ ಒಂದ ಹನಿ ಹಾಕಿದ್ರ?"

ಫರ್ಹಾನಾ ಹನಿ ಬಿಡುವ ಕೊಳವೆಯನ್ನು ಅದರ ಜಾಗದಲ್ಲಿ ಇಟ್ಟಳು. ಇಂಚರಾ ಕೋಲನ್ನು ಗೋಡೆಗೆ ಒರಗಿಸಿ, ಸ್ಟೂಲು ಎಳೆದುಕೊಂಡು ಪರದೆಯ ಮುಂದೆ ಕುಳಿತಳು. ಆಮೇಲೆ ಮೂವರೂ ಅವು ನಿಲ್ಲುವುದನ್ನೇ ಕಾಯುತ್ತ ಕುಳಿತರು.